ಯಜಮಾನರನ್ನು ಕುರಿತು ಹದಿನಾಲ್ಕು ಪ್ರಶ್ನೆಗಳು

ಕರಡಿ ಕನ್ನಡಕ ಹಾಕುವುದಿಲ್ಲ. ಇಷ್ಟು ಸಣ್ಣ ಸಂಗತಿ ಕರಡಿ ಮೇಷ್ಟ್ರಿಗೆ ಹೊಳೆದದ್ದು ಬೆಳಿಗ್ಗೆ ಏಳೂಮುಕ್ಕಾಲಿಗೆ, ಒಂದೇ ಕಾಲಿಗೆ ಕಾಲುಚೀಲ ಏರಿಸಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದಾಗ. ಕೈಯಲ್ಲಿದ್ದದ್ದು ಇನ್ನೂರ ಮೂರನೆಯ ನಂಬರಿನ ಫಾರ್ಮು. ಅದರ ಕೊನೆಯ ಪ್ರಶ್ನೆ, ‘ಯಜಮಾನರ ಬಗ್ಗೆ ನೀವು ಇನ್ನೇನಾದರೂ ಹೇಳಬಯಸುವಿರಾ?’ ಅದರ ಕೆಳಗೆ ಯಾರೋ ಹೆಂಗಸು ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ‘ಕನ್ನಡಕ ಎಲ್ಲಿಟ್ಟೆ ಅಂತ ಅವರಿಗೇ ನೆನಪಿರುವುದಿಲ್ಲ. ಹುಡುಕಿಕೊಟ್ಟರೆ ನನ್ನ ಮೇಲೇ ರೇಗುತ್ತಾರೆ.’ ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಮೊದಲ ಸಲ, ವಿಜ್ಞಾನಿಯಾದವನು ಆತುರದ ತೀರ್ಮಾನಕ್ಕೆ ಬರಬಾರದೆಂದುಕೊಂಡು, ಕ್ವಾರಿಯಲ್ಲಿ ಯಾರೋ ಮರೆತುಹೋದ ಕನ್ನಡಕವನ್ನು ಕರಡಿ ಕಚ್ಚಿಕೊಂಡು ಹೋಗಿರಬಹುದೇ ಎಂದು ಯೋಚಿಸಿದರು. ಎರಡನೆಯ ಸಲಕ್ಕೆ ಆ ಸಾಧ್ಯತೆ ತೆಳ್ಳಗಾಯಿತು. ಮೂರನೆಯ ಸಲ ಇನ್ನೊಂದು ಕಾಲುಚೀಲವನ್ನು ಕೈಯಲ್ಲೇ ಹಿಂಡುತ್ತ ಮುಂದಿನ ಫಾರ್ಮು ತೆಗೆದರು. ಇನ್ನೂರ ನಾಲ್ಕು: ‘ಊಟಕ್ಕೆ ಕರೆದರೆ ಬರುವುದಿಲ್ಲ, ಆರಿದ ಮೇಲೆ ಬಂದು ಬಿಸಿ ಇಲ್ಲ ಎನ್ನುತ್ತಾರೆ.’ ಇನ್ನೂರ ಏಳು: ‘ಅವರ ಅಮ್ಮ ಬಂದಾಗ ಬೇರೆಯೇ ಪ್ರಾಣಿ.’ ಆ ‘ಪ್ರಾಣಿ’ ಎಂಬ ಪದಕ್ಕೆ ಮೇಷ್ಟ್ರು ಒಂದು ಗಳಿಗೆ ಜೋತುಬಿದ್ದರು, ಅದೂ ಕೈಕೊಟ್ಟಿತು.

ಹನ್ನೊಂದು ಗಂಟೆಗೆ ಸಭೆಯಿತ್ತು. ಊರಂಚಿನ ಕಲ್ಲುಕ್ವಾರಿಯ ಹಿಂದಿನ ಗುಡ್ಡದಲ್ಲಿ ಒಂದು ಕರಡಿ ಸೇರಿಕೊಂಡು ಮೂರು ವರ್ಷವಾಗಿತ್ತು. ಅದನ್ನು ಹಿಡಿದು ದೂರ ಸಾಗಿಸಬೇಕೋ, ಇದ್ದಲ್ಲಿ ಇರಲು ಬಿಡಬೇಕೋ ಎಂದು ಅರಣ್ಯ ಇಲಾಖೆಯ ಅಧಿಕಾರಿ ಇವತ್ತು ಸಹಿ ಹಾಕುವವರಿದ್ದರು. ಬೋನು ಆಗಲೇ ಬಂದು ಕಚೇರಿಯ ಹಿಂದೆ ನಿಂತಿತ್ತು. ಹಾಗೆ ಸಾಗಿಸಿದ ಕರಡಿ ಗುರುತಿಲ್ಲದ ಕಾಡಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲವೆಂದು ಮೇಷ್ಟ್ರು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಅಧಿಕಾರಿ ಒಳ್ಳೆಯವರೇ. “ಸಾರ್, ಕರಡಿಗೆ ಏನಾಗುತ್ತೆ ಅಂತ ನೀವು ಹೇಳ್ತೀರಿ, ಜನಕ್ಕೆ ಏನನ್ಸುತ್ತೆ ಅಂತ ಯಾರು ಹೇಳ್ತಾರೆ? ಜನ ಒಪ್ಪಿದ್ರೆ ಇರ್ಲಿ, ಒಪ್ಪದಿದ್ರೆ ಹೋಗ್ಲಿ. ಅರ್ಧಕ್ಕಿಂತ ಒಂದು ಮನೆ ಜಾಸ್ತಿ ಇದ್ರೂ ಸಾಕು, ಪೇಪರ್ ಮೇಲೆ ಬರ್ಲಿ” ಎಂದಿದ್ದರು. ಪೇಪರ್ ಮೇಲೆ ಬಂದಿತ್ತು. ನಾನೂರು ಹೆಂಗಸರು, ಇನ್ನೂರು ಗಂಡಸರು, ಗಂಡಸರಲ್ಲಿ ಬಹುತೇಕರು ಕ್ವಾರಿಯ ಕೆಲಸಗಾರರು. ಹೆಂಗಸರಲ್ಲಿ ನೂರಕ್ಕೆ ಎಪ್ಪತ್ತೆರಡು ಮಂದಿ ‘ಸಹಿಸಿಕೊಳ್ಳುತ್ತೇನೆ’ ಎಂಬುದಕ್ಕೆ ಗುರುತು ಹಾಕಿದ್ದರು. ಗಂಡಸರಲ್ಲಿ ನೂರಕ್ಕೆ ಎಂಬತ್ತಮೂರು ಮಂದಿ ‘ದೂರದ ಪ್ರದೇಶಕ್ಕೆ ಸಾಗಿಸಬೇಕು’ ಎಂದಿದ್ದರು. ಎಲ್ಲ ಕೂಡಿಸಿ ಭಾಗಿಸಿದರೆ ಒಪ್ಪಿದವರು ಐವತ್ತನಾಲ್ಕು. ಕರಡಿ ಆ ನಾಲ್ಕರ ಮೇಲೆ ನಾಲ್ಕು ಕಾಲೂರಿ ನಿಂತಿತ್ತು.

ನಿನ್ನೆ ಅಧಿಕಾರಿ ಫೋನು ಮಾಡಿ, ಬರೀ ಅಂಕಿ ಬೇಡ, ಜನ ಅವರ ಬಾಯಿಂದಲೇ ಹೇಳಿದ ಒಂದೆರಡು ಮಾತೂ ಇರಲಿ, ಮನಸ್ಸಿಗೆ ತಟ್ಟೋ ಹಾಗಿರಲಿ ಎನ್ನದೆ ಹೋಗಿದ್ದರೆ ಈ ಕಟ್ಟನ್ನು ಮನೆಗೆ ಹೊತ್ತು ತರುವ ಪ್ರಮೇಯವೇ ಇರಲಿಲ್ಲ. ಗುರುತು ಹಾಕಿದ ಚೌಕಗಳನ್ನು ಕಂಪ್ಯೂಟರಿಗೆ ತುಂಬಿದ್ದಾಗಿತ್ತು. ಕೈಬರಹದ ಸಾಲುಗಳನ್ನು ಮಾತ್ರ ಮೇಷ್ಟ್ರು ಕೂತು ಓದಿರಲಿಲ್ಲ. ಯಾವ ಪದ ಎಷ್ಟು ಸಲ ಬಂದಿದೆ ಎಂದು ಫಾರ್ಮು ಹಂಚಿದ ಇಬ್ಬರು ವಿದ್ಯಾರ್ಥಿನಿಯರು ಒಂದು ಪಟ್ಟಿ ಮಾಡಿಕೊಟ್ಟಿದ್ದರು, ಅಷ್ಟೆ. ‘ಗೊರಕೆ’ ನಲವತ್ತೊಂದು ಸಲ ಬಂದಿತ್ತು. ಅದನ್ನು ನೋಡಿ ಮೇಷ್ಟ್ರು ಎಷ್ಟು ಹಿಗ್ಗಿದ್ದರು! ‘ಈ ಭಾಗದ ಮಹಿಳೆಯರು ಕರಡಿಯ ನಿದ್ರಾಕಾಲದ ಉಸಿರಾಟವನ್ನೂ ಮನೆಯೊಳಗಿಂದಲೇ ಗುರುತಿಸಬಲ್ಲರು’ ಎಂದು ಅಡಿಟಿಪ್ಪಣಿ ಬರೆದಿದ್ದರು. ದೂರದ ಸಮ್ಮೇಳನವೊಂದರಲ್ಲಿ ಆ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದಾಗ ಹಿಂದಿನ ಸಾಲಿನ ಒಬ್ಬ ಮುದುಕಿ ಕರ್ಚೀಫು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿದ್ದಳು. ಭಾವುಕಳಾದಳು ಎಂದು ಇಷ್ಟು ದಿನ ನಂಬಿದ್ದರು. ಈಗ ಆ ಮುದುಕಿಯ ಅಲುಗುತ್ತಿದ್ದ ಭುಜ ಕಣ್ಣಿಗೆ ಕಟ್ಟಿ ಕಿವಿಯ ತುದಿ ಬಿಸಿಯಾಯಿತು.

ತಪ್ಪು ಯಾರ ಮೇಲೂ ಹಾಕುವಂತಿರಲಿಲ್ಲ, ಅದೇ ಸಂಕಟ. ಮೊದಲು ಫಾರ್ಮಿನ ತಲೆಯ ಮೇಲೆ ಕರಡಿಯ ಚಿತ್ರವಿತ್ತು. ಕರಡಿ ಹಲ್ಲು ಬಿಟ್ಟಂತೆ ಕಂಡರೆ ಜನ ಹೆದರುತ್ತಾರೆ, ಹಲ್ಲು ಮುಚ್ಚಿದರೆ ಮುದ್ದು ಬರುತ್ತದೆ, ಎರಡೂ ಉತ್ತರವನ್ನು ಕೆಡಿಸುತ್ತವೆ ಎಂದು ಮೇಷ್ಟ್ರೇ ಅದನ್ನು ತೆಗೆಸಿದರು. ಆಮೇಲೆ ‘ಕರಡಿ’ ಎಂಬ ಪದವೇ ಭಯ ಹುಟ್ಟಿಸುತ್ತದೆ ಎಂದು ಒಂದು ಭಾನುವಾರ ಇಡೀ ಕೂತು ಹದಿನಾಲ್ಕು ಪ್ರಶ್ನೆಗಳಿಂದ ಕರಡಿಯನ್ನು ಒಂದೊಂದಾಗಿ ಹೆಕ್ಕಿ ತೆಗೆದರು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಆ ಜಾಗದಲ್ಲಿ ಕೂರಿಸಿದ್ದು ಊರಿನವರದೇ ಪದ, ‘ಯಜಮಾನರು’. ಅದು ಸಿಕ್ಕಿದ್ದು ಕ್ವಾರಿಯ ಕಾವಲುಗಾರನ ಬಾಯಿಂದ. ಉತ್ತರವನ್ನು ಸೂಚಿಸುವಂಥ ಪ್ರಶ್ನೆ ಎಂದೂ ಕೇಳಬಾರದು ಎಂಬ ತಮ್ಮ ನಿಯಮದಂತೆ, “ಇವತ್ತು ಈ ಕಡೆ ಯಾರಾದ್ರೂ ಬಂದಿದ್ರೇನಪ್ಪಾ?” ಎಂದಷ್ಟೇ ಕೇಳಿದ್ದರು. “ಬಂದಿದ್ರಲ್ಲ ಸಾರ್, ಯಜಮಾನ್ರು. ಒಂದು ಸುತ್ತು ಹಾಕಿದ್ರು, ಗುರ್ ಅಂದ್ರು, ಆ ಬಂಡೆ ಹತ್ರ ಮೂತ್ರ ಮಾಡಿ ಹೊರಟುಹೋದ್ರು” ಎಂದಿದ್ದ ಅವನು. ಮೇಷ್ಟ್ರಿಗೆ ಪುಳಕವಾಗಿತ್ತು. ‘ಗೌರವಸೂಚಕ ಸ್ಥಳೀಯ ನಾಮ. ಗಡಿ ಗುರುತಿಸುವ ವರ್ತನೆ’ ಎಂದು ಪುಸ್ತಕದಲ್ಲಿ ಬರೆದುಕೊಂಡು ಎರಡೆರಡು ಗೆರೆ ಎಳೆದಿದ್ದರು. ಆ ಬಂಡೆಯ ಹತ್ತಿರದ ಮಣ್ಣನ್ನು ಡಬ್ಬಿಯಲ್ಲಿ ತುಂಬಿ ಪ್ರಯೋಗಾಲಯಕ್ಕೂ ಕಳಿಸಿದ್ದರು. ‘ಮಾದರಿ ಕಲುಷಿತ’ ಎಂದು ಉತ್ತರ ಬಂದಿತ್ತು. ಕ್ವಾರಿಯ ಮಾಲೀಕರನ್ನು ಕೆಲಸಗಾರರು ಏನೆಂದು ಕರೆಯುತ್ತಾರೆ ಎಂಬುದು ಆಗ ತಲೆಗೆ ಬರಲಿಲ್ಲ. ಈಗ ಬಂತು.

ಹಾಗಾದರೆ ಆ ಎಂಬತ್ತಮೂರು! ಮೇಷ್ಟ್ರು ಕಾಲುಚೀಲದಿಂದ ಹಣೆ ಒರೆಸಿಕೊಂಡರು. ಆರುನೂರು ಮನೆ, ಹದಿನಾಲ್ಕು ಪ್ರಶ್ನೆ, ಎರಡು ವರ್ಷ. ಒಬ್ಬರೇ ಒಬ್ಬರೂ ಕರಡಿಯ ಬಗ್ಗೆ ಏನೂ ಹೇಳಿರಲಿಲ್ಲ.

ಅಡುಗೆಮನೆಯಿಂದ ಹೆಂಡತಿಯ ಮಾತು ಕೇಳಿಸುತ್ತಿತ್ತು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಹೊರಡುವ ಮೊದಲು ತಂಗಿಗೆ ಫೋನು ಮಾಡುವುದು ಅವಳ ದಿನದ ರೂಢಿ. “ಇಲ್ಲ ಕಣೇ, ನಮ್ಮ ಯಜಮಾನ್ರು ಇನ್ನೂ ಮೇಜು ಬಿಟ್ಟು ಎದ್ದಿಲ್ಲ. ಕೂತ್ರೆ ಕೂತಲ್ಲೇ. ಕಾಫಿ ವಾಸನೆ ಬಂದ್ರೆ ಮಾತ್ರ ಒಂಚೂರು ಅಲ್ಲಾಡ್ತಾರೆ.” ಹತ್ತೊಂಬತ್ತು ವರ್ಷ ಈ ಗೋಡೆಯ ಆಚೆಯಿಂದ ಈ ಪದ ಬರುತ್ತಲೇ ಇತ್ತು. ನಲ್ಲಿಯ ಸದ್ದಿನ ಹಾಗೆ, ಕೇಳಿಸಿಯೂ ಕೇಳಿಸದ ಹಾಗೆ.

“ನೀನೀಗ ನನ್ನ ಏನಂತ ಕರೆದೆ?” ಎಂದರು ಮೇಷ್ಟ್ರು, ಅವಳು ಕಾಫಿ ತಂದಿಟ್ಟಾಗ.

“ಇನ್ನೇನಂತ ಕರೀಲಿ? ಹೆಸರು ಹಿಡಿದು ಕೂಗ್ಲಾ, ಈ ವಯಸ್ಸಲ್ಲಿ?”

ಅವರು ಇನ್ನೂರ ಮೂರನ್ನು ಮುಂದೆ ಚಾಚಿದರು. ಅವಳು ಓದಿ ನಕ್ಕಳು. “ಅಯ್ಯೋ ಪಾಪ, ಇವರ ಮನೇಲೂ ಕನ್ನಡಕದ ಗೋಳೇನಾ? ಯಾರ್ರೀ ಈ ಮಹಾತಾಯಿ?”

“ಇದು ಕರಡಿ ಬಗ್ಗೆ.”

“ಯಾವುದು?”

“ಈ ಫಾರ್ಮು.”

ಅವಳು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿದಳು. “ಇದ್ರಲ್ಲಿ ಕರಡಿ ಎಲ್ಲಿದೆ?”

“ಇಲ್ಲ. ಬೇಕಂತ್ಲೇ ಹಾಕಿಲ್ಲ.”

ಅವಳ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತು. ಆ ಅರ್ಧ ನಗುವನ್ನು ನೋಡಿದಾಗಲೇ ಮೇಷ್ಟ್ರಿಗೆ ನೆನಪಾಯಿತು, ಒಂದನೆಯ ನಂಬರಿನ ಫಾರ್ಮು ತುಂಬಿದವಳು ಇವಳೇ. ಊರಿಗೆ ಹಂಚುವ ಮೊದಲು ಭಾಷೆ ಅರ್ಥವಾಗುತ್ತದೋ ಇಲ್ಲವೋ ನೋಡಬೇಕಿತ್ತು. ಇದೇ ಮೇಜಿನ ಮೇಲಿಟ್ಟು, “ನಾನು ಏನೂ ವಿವರಿಸಬಾರದು, ನೀನೂ ಕೇಳಬಾರದು, ತೋಚಿದ್ದು ಬರಿ” ಎಂದು ಹೇಳಿ, ಅವಳ ಉತ್ತರದ ಮೇಲೆ ಪ್ರಭಾವ ಬೀರಬಾರದೆಂದು ಹೊರಗೆ ಹೋಗಿ ಕೂತಿದ್ದರು.

“ರೀ, ಹಂಗಾದ್ರೆ ನಾನು ಬರೆದಿದ್ದು?” ಎಂದಳು. ಆಮೇಲೆ ಕುರ್ಚಿ ಎಳೆದು ಕೂತಳು. “ನಾನೇನಂದ್ಕೊಂಡೆ ಗೊತ್ತಾ? ಈ ಮನುಷ್ಯನಿಗೆ ಬಾಯಿಬಿಟ್ಟು ಕೇಳೋಕೆ ಆಗಲ್ಲ, ಪಾಪ, ಅದಕ್ಕೇ ಹಿಂಗೆ ಅಚ್ಚು ಹಾಕಿಸಿ ಕೇಳ್ತಿದಾರೆ ಅಂತ. ಎಂಥ ಧೈರ್ಯ ಬಂತಪ್ಪಾ ಇವರಿಗೆ ಅನ್ನಿಸ್ತು. ಅರ್ಧ ದಿನ ಕೂತು ಬರೆದಿದೀನಿ.”

“ಏನು ಬರೆದಿದ್ದೆ?”

“ಓದಿಲ್ವಾ?”

ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಮೇಷ್ಟ್ರು ಅದನ್ನು ಬಹಳ ಶ್ರದ್ಧೆಯಿಂದ ನೋಡಿದರು.

“ಎರಡು ವರ್ಷದಿಂದ ಕಾಯ್ತಿದೀನಿ ಕಣ್ರೀ, ಇವತ್ತು ಏನಾದ್ರೂ ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಹೇಳ್ಲಿಲ್ಲ ಅಂದ್ರೆ ಒಪ್ಕೊಂಡ್ರು ಅಂತ ಸುಮ್ನಾದೆ.” ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ತಿರುಗಿ, “ಇನ್ನೊಂದು ಕಾಲಿಗೂ ಹಾಕ್ಕೊಂಡು ಹೋಗಿ, ಸಭೆಗೆ” ಎಂದಳು.

ಬಸ್ಸಿನಲ್ಲಿ ಮೇಷ್ಟ್ರು ಕಂಬ ಹಿಡಿದು ನಿಂತು ನಿರ್ಧರಿಸಿದರು, ಹೇಳಬಾರದು. ಹೇಳುವ ಅಗತ್ಯವೇ ಇಲ್ಲ. ಕರಡಿಗೆ ಬೇಕಾದದ್ದು ಗುಡ್ಡ, ಗೆದ್ದಲು, ಒಂದಿಷ್ಟು ಹಣ್ಣು. ಆ ಐವತ್ತನಾಲ್ಕು ಎಲ್ಲಿಂದ ಬಂತು ಎಂದು ಅದೇನೂ ಕೇಳುವುದಿಲ್ಲ. ಆ ಹೆಂಗಸರ ಸಹನೆಯಾದರೂ ಸುಳ್ಳಲ್ಲವಲ್ಲ. ಮನೆಯೊಳಗಿನ ಅಷ್ಟು ದೊಡ್ಡದನ್ನೇ ಸಹಿಸಿದವರು ಗುಡ್ಡದ ಮೇಲಿನದನ್ನು ಸಹಿಸಲಾರರೆ? ಈ ತರ್ಕ ಎಷ್ಟು ಚೆನ್ನಾಗಿ ಬಂತೆಂದರೆ ಮೇಷ್ಟ್ರು ಅದನ್ನು ಬರೆದುಕೊಳ್ಳಲು ಪೆನ್ನಿಗಾಗಿ ಜೇಬು ತಡಕಿದರು. ಪಕ್ಕದ ಸೀಟಿನ ಹೆಂಗಸು ಗಂಡನಿಗೆ, “ಕಿಟಕಿ ಮುಚ್ಚಿ ಅಂತ ಎಷ್ಟು ಸಲ ಹೇಳ್ಬೇಕು?” ಎನ್ನುತ್ತಿದ್ದಳು, ಗಂಡ ಗುರ್ ಎಂದ. ಮೇಷ್ಟ್ರು ಬೇರೆ ಕಡೆ ನೋಡಿದರು. ತರಗತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊದಲ ದಿನ ಬೋರ್ಡಿನ ಮೇಲೆ ಬರೆಯುವುದು ಒಂದೇ ಪದ, ‘ಪುರಾವೆ’. ಒಮ್ಮೆ ಒಬ್ಬ ಹುಡುಗಿ ಅಳಿಲುಗಳ ಲೆಕ್ಕದಲ್ಲಿ ಒಂದೇ ಅಳಿಲನ್ನು ಎರಡು ಸಲ ಎಣಿಸಿದ್ದೇನೋ ಎಂದು ಅನುಮಾನ ಹೇಳಿಕೊಂಡಾಗ, ಇಡೀ ತರಗತಿಯ ಮುಂದೆ ಅವಳ ಒಂದು ವರ್ಷದ ಕೆಲಸವನ್ನು ಹರಿದುಹಾಕಿದ್ದರು. ಅವಳು ಅಳಲಿಲ್ಲ. “ಇರ್ಲಿ ಸಾರ್, ಮತ್ತೆ ಎಣಿಸ್ತೀನಿ” ಎಂದಿದ್ದಳು. ಅಳಿಲುಗಳು ಈ ಆರುನೂರು ಫಾರ್ಮಿಗಿಂತ ಎಷ್ಟೋ ವಾಸಿ. ಅವು ಅಳಿಲುಗಳಂತೂ ಆಗಿದ್ದವು.

ವಿಭಾಗದ ಕೋಣೆಯಲ್ಲಿ ಕಬ್ಬಿಣದ ಕಪಾಟು ಬಾಗಿಲು ತೆರೆಯಲು ಎಂದಿನಂತೆ ಮೊಣಕಾಲಿನ ಒದೆ ಕೇಳಿತು. ಒಂದನೆಯ ನಂಬರು ಕಟ್ಟಿನಲ್ಲಿರಲಿಲ್ಲ. ಅದು ಬೇರೆ ಲಕೋಟೆಯಲ್ಲಿತ್ತು. ಮೂಲೆಯಲ್ಲಿ ತಮ್ಮದೇ ಕೆಂಪು ಅಕ್ಷರ: ‘ಪೂರ್ವಪರೀಕ್ಷೆ. ಭಾಷೆ ಅರ್ಥವಾಗಿದೆ. ಲೆಕ್ಕಕ್ಕಿಲ್ಲ.’ ಎಲ್ಲ ಖಾಲಿ ಜಾಗಗಳೂ ತುಂಬಿವೆಯೇ ಎಂದಷ್ಟೇ ಅಂದು ನೋಡಿದ್ದರು, ತುಂಬಿದ್ದವು. ಈಗ ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಯಜಮಾನರು ನಿಮ್ಮ ಮನೆಯ ಸುತ್ತಮುತ್ತ ಎಷ್ಟು ಬಾರಿ ಕಾಣಿಸಿಕೊಳ್ಳುತ್ತಾರೆ? ‘ಭಾನುವಾರ. ಅದೂ ಪೂರ್ತಿ ಅಲ್ಲ.’ ಎದುರಾದಾಗ ನೀವು ಏನು ಮಾಡುತ್ತೀರಿ? ಗದ್ದಲ ಮಾಡುತ್ತೇನೆ, ಸುಮ್ಮನೆ ಸರಿದು ನಿಲ್ಲುತ್ತೇನೆ, ಆಹಾರ ಇಡುತ್ತೇನೆ, ಇಲಾಖೆಗೆ ತಿಳಿಸುತ್ತೇನೆ. ಅವಳು ಮೂರನೆಯದಕ್ಕೆ ಗುರುತು ಹಾಕಿ ಪಕ್ಕದಲ್ಲಿ ಸಣ್ಣದಾಗಿ ‘ಇಲಾಖೆ ಯಾವುದು?’ ಎಂದು ಬರೆದಿದ್ದಳು. ಅವರಿಂದ ನಿಮಗಾಗುವ ಪ್ರಯೋಜನ? ‘ಮೇಲಿನ ಗೂಡಿನ ಡಬ್ಬ ತೆಗೆದುಕೊಡುತ್ತಾರೆ. ನನಗೆ ಜ್ವರ ಬಂದಾಗ ಬಾಗಿಲ ಹತ್ತಿರ ಬಂದು ನಿಂತು ನೋಡಿ ಹೋಗುತ್ತಾರೆ, ಒಳಗೆ ಬರುವುದಿಲ್ಲ. ಆದರೆ ತುಂಬಾ ಸಲ ಬರುತ್ತಾರೆ.’ ಅವರು ಈ ಪ್ರದೇಶದಿಂದ ಶಾಶ್ವತವಾಗಿ ಹೊರಟುಹೋದರೆ ನಿಮಗೆ ಏನನ್ನಿಸುತ್ತದೆ? ಅಲ್ಲಿ ಎರಡು ಸಲ ಬರೆದು ಹೊಡೆದುಹಾಕಿ ಮೂರನೆಯ ಸಲ ಬರೆದಿದ್ದಳು. ‘ಮೊದಲ ವಾರ ಗೊತ್ತಾಗಲಿಕ್ಕಿಲ್ಲ. ಆಮೇಲೆ ಗೊತ್ತಾಗುತ್ತದೆ.’

ಮೇಷ್ಟ್ರು ಫಾರ್ಮನ್ನು ಲಕೋಟೆಗೆ ಹಾಕಲು ಹೋಗಿ ಎರಡು ಸಲ ಹೊರಗೇ ಹಾಕಿದರು. ಆ ಕೆಂಪು ಅಕ್ಷರ ಕಣ್ಣಿಗೆ ಚುಚ್ಚುತ್ತಿತ್ತು. ಭಾಷೆ ಅರ್ಥವಾಗಿದೆಯಂತೆ! ಯಾರಿಗೆ?

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ತಿರುಗುವಾಗ ಟಕ್ ಟಕ್ ಎನ್ನುವ ಫ್ಯಾನು, ಎಲ್ಲರ ಮುಂದೆಯೂ ವರದಿಯ ಒಂದೊಂದು ಪ್ರತಿ. ಬಲಗಡೆ ಕ್ವಾರಿಯ ಮಾಲೀಕರು, ಎರಡು ಕುರ್ಚಿಯ ಅಗಲದ ಮನುಷ್ಯ, ಗುಡ್ಡದ ಬುಡದ ತನಕ ಕಲ್ಲು ತೆಗೆಯಬೇಕೆಂಬ ಆಸೆಯವರು. ಎಡಗಡೆ ಕ್ವಾರಿ ಸಾಲಿನ ಮನೆಗಳ ಪರವಾಗಿ ಬಂದಿದ್ದ ಟೈಲರಮ್ಮ. ಬಟ್ಟೆ ಹೊಲಿಯುತ್ತ ಒಂಟಿಯಾಗಿ ಬಾಳುವೆ ಮಾಡಿಕೊಂಡಿದ್ದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ತೆಗೆಯುವುದನ್ನೇ ಮರೆತು ಬಂದಿದ್ದಳು. ನಡುವೆ ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆದಿಟ್ಟು ಕೂತಿದ್ದರು.

“ಹೇಳಿಬಿಡಿ ಸಾರ್, ಬೇಗ ಮುಗಿಸೋಣ. ಐವತ್ತನಾಲ್ಕು ಅಲ್ವಾ? ಇರ್ಲಿ ಅಂತ ಬರೆದು ಸಹಿ ಹಾಕ್ತೀನಿ. ಬೋನು ಸಾಗಿಸೋ ತಾಪತ್ರಯ ನಂಗೂ ತಪ್ಪುತ್ತೆ.”

“ಅದು ಹೆಂಗಾಗುತ್ತೆ?” ಎಂದರು ಮಾಲೀಕರು. “ನನ್ನ ಹುಡುಗ್ರು ಎಂಬತ್ತಮೂರು ಪರ್ಸೆಂಟು ಹೊರಗೆ ಹಾಕಿ ಅಂದಿದಾರೆ. ದಿನಾ ಅದರ ಮುಖ ನೋಡೋರು ಅವರು. ಮನೇಲಿ ಕೂತ ಹೆಂಗಸರ ಮಾತಿಗೆ ಏನು ಬೆಲೆ?”

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಒಂದೇ ಒಂದು ಮಾತು, ‘ಅಂಕಿ ಸರಿಯಾಗಿದೆ’ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಅಂಕಿ ಸರಿಯಾಗಿಯೇ ಇತ್ತು, ಕೂಡಿದ್ದೂ ಭಾಗಿಸಿದ್ದೂ. ಮೇಷ್ಟ್ರು ಎದ್ದುನಿಂತರು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಬಂದದ್ದು ಅಲ್ಲೇ ಕೂತು, ಬೇರೆಯದಕ್ಕೆ ದಾರಿ ಬಿಟ್ಟುಕೊಟ್ಟಿತು.

“ಹೆಂಗಸರು ಹೇಳಿದ್ದು ಕರಡಿ ಬಗ್ಗೆ ಅಲ್ಲ” ಎಂದರು. “ಅವರ ಗಂಡಂದಿರ ಬ‌ಗ್ಗೆ.”

ಫ್ಯಾನು ಟಕ್ ಎಂದಿತು. ಅಧಿಕಾರಿ ಪೆನ್ನಿನ ಮುಚ್ಚಳವನ್ನು ಹುಡುಕಿ ಹಾಕಿದರು. ಮೇಷ್ಟ್ರು ಒಂದೇ ಉಸಿರಿಗೆ ಎಲ್ಲ ಹೇಳಿದರು, ಚಿತ್ರ ತೆಗೆಸಿದ್ದು, ಪದ ತೆಗೆದದ್ದು, ಕನ್ನಡಕ, ಗೊರಕೆ. ಗೊರಕೆಗೆ ಬರುವಷ್ಟರಲ್ಲಿ ಮಾಲೀಕರು ಮೇಜು ಗುದ್ದಿ ನಗುತ್ತಿದ್ದರು. ಅವರ ನಗುವಿಗೆ ಲೋಟದ ನೀರು ತುಳುಕಿತು.

“ಅಂದ್ರೆ ನಾನೀಗ ಮೇಲಿನವರಿಗೆ ಏನಂತ ಬರೀಲಿ?” ಎಂದರು ಅಧಿಕಾರಿ. “ಹೆಂಗಸರು ಗಂಡಂದಿರನ್ನ ಸಹಿಸ್ಕೊಂಡಿದಾರೆ, ಆದ್ದರಿಂದ ಕರಡಿಯನ್ನು ಬಿಡಲಾಗಿದೆ ಅಂತ ಬರೀಲಾ?”

“ಶಿಫಾರಸು ಮೂರರಲ್ಲಿ, ಮಹಿಳೆಯರು ಆಹಾರ ಇಡುವುದನ್ನು ಕೂಡಲೇ ನಿಲ್ಲಿಸಬೇಕು ಅಂತಿದೆಯಲ್ಲ,” ಎಂದಳು ಟೈಲರಮ್ಮ, ಹಾಳೆಯ ಮೇಲೆ ಬೆರಳಿಟ್ಟು, “ಅದು ಒಳ್ಳೇ ಶಿಫಾರಸು ಸಾರ್. ಅದನ್ನ ಹಂಗೇ ಇಡಿ.”

ಮಾಲೀಕರು ಕಣ್ಣೊರೆಸಿಕೊಂಡರು. “ಅಯ್ಯಪ್ಪಾ, ಸಾಕು ಸಾಕು. ಹೋಗ್ಲಿ, ಹೆಂಗಸರದು ಬಿಟ್ಹಾಕಿ. ಗಂಡಸರು ಕರಡಿ ಬಗ್ಗೇನೇ ಹೇಳಿರ್ತಾರಲ್ಲ, ಅವರಿಗೆ ಗಂಡ ಇಲ್ವಲ್ಲ! ಎಂಬತ್ತಮೂರು ಗಟ್ಟಿ ಉಳೀತು. ಬೋನು ಇಡಿಸಿ.”

ಮೇಷ್ಟ್ರು ಮೇಜಿನ ಮೇಲಿನ ಗೀರೊಂದನ್ನು ನೋಡುತ್ತ, “ಗಂಡಸರಿಗೂ ಯಜಮಾನರು ಇದಾರೆ ಸಾರ್” ಎಂದರು.

“ಯಾರು?”

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಅಧಿಕಾರಿ ವರದಿಯ ಪುಟ ತಿರುವಿ, ತಮಗೇ ಓದಿಕೊಳ್ಳುವ ಹಾಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಓದಿದರು: “‘ಕೆಲಸದ ಸ್ಥಳಕ್ಕೆ ಬಂದರೆ ಭಯವಾಗುತ್ತದೆ, ತೊಂಬತ್ತು. ಕಾರಣವಿಲ್ಲದೆ ಮೈಮೇಲೆ ಬೀಳುತ್ತಾರೆ, ಎಪ್ಪತ್ತೇಳು. ದೂರದ ಪ್ರದೇಶಕ್ಕೆ ಸಾಗಿಸಬೇಕು...’” ಅಲ್ಲಿ ನಿಲ್ಲಿಸಿ ಕೆಮ್ಮಿದರು. ಮಾಲೀಕರ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಬಾಯಿಯಲ್ಲಿ ಸ್ವಲ್ಪ ಹೊತ್ತು ಉಳಿದು, ಯಜಮಾನನಿಲ್ಲದ ಮನೆಯ ದೀಪದ ಹಾಗೆ ಸುಮ್ಮನೆ ಉರಿಯಿತು. “ತೊಂಬತ್ತಾ?” ಎಂದು ಕೇಳಿದರು. ಆಮೇಲೆ ತಮ್ಮ ಮುಂದಿನ ಪ್ರತಿಯಲ್ಲಿ ಆ ಪುಟವನ್ನು ಹುಡುಕತೊಡಗಿದರು.

“ನಂದು ಎಷ್ಟನೇ ನಂಬರೋ ಗೊತ್ತಿಲ್ಲ,” ಎಂದಳು ಟೈಲರಮ್ಮ, ಸುತ್ತಿದ ಟೇಪು ಬಿಚ್ಚುತ್ತ. “ಯಜಮಾನರು ಶಾಶ್ವತವಾಗಿ ಹೋದರೆ ಏನನ್ನಿಸುತ್ತೆ ಅಂತ ಕೇಳಿದ್ರಲ್ಲ. ‘ಹೋಗಿ ಆರು ವರ್ಷ ಆಯ್ತು’ ಅಂತ ಬರೆದಿದ್ದೆ.”

ಮೇಷ್ಟ್ರಿಗೆ ಆ ಸಾಲು ಗೊತ್ತಿತ್ತು. ವಿದ್ಯಾರ್ಥಿನಿಯರು ಅದೊಂದನ್ನು ಪ್ರತ್ಯೇಕವಾಗಿ ತಂದು ತೋರಿಸಿದ್ದರು. ಕರಡಿ ಬಂದು ಮೂರೇ ವರ್ಷವಾಗಿರುವಾಗ ಹೋಗಿ ಆರು ವರ್ಷ ಆಗುವುದು ಹೇಗೆ ಎಂದು ಅವರೇ ತಮ್ಮ ಕೈಯಾರೆ ‘ತಪ್ಪು ಮಾಹಿತಿ’ ಎಂದು ಬರೆದು ಆ ಫಾರ್ಮನ್ನು ಕಟ್ಟಿನಿಂದ ಹೊರಗೆ ತೆಗೆದಿದ್ದರು.

“ಅದನ್ನ ತೆಗೆದುಹಾಕಿದ್ದೆ, ತಾಯಿ,” ಎಂದರು.

ಟೈಲರಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿದಳು, ಅಂಗಿಯ ಅಳತೆ ಅಂದಾಜು ಮಾಡುವವರ ಹಾಗೆ. “ಹೋಗ್ಲಿ ಬಿಡಿ. ಈಗ ಹೇಳಿದ್ರಲ್ಲ, ಅಷ್ಟೇ ಸಾಕು. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

ಅಧಿಕಾರಿ ಕೊನೆಗೆ ಹದಿನೈದು ದಿನ ಕೊಟ್ಟರು. “ಮತ್ತೆ ಕೇಳಿ ಸಾರ್. ಮನೆ ಮನೆಗೆ ನೀವೇ ಹೋಗಿ. ಕರಡಿ ಅಂತ ಬರೀರಿ, ದೊಡ್ಡ ಅಕ್ಷರದಲ್ಲಿ. ಚಿತ್ರಾನೂ ಹಾಕಿ, ಹಲ್ಲು ಎಷ್ಟಾದ್ರೂ ಬಿಡ್ಲಿ. ಅರ್ಧಕ್ಕಿಂತ ಒಂದು ಮನೆ ಕಮ್ಮಿ ಬಂದ್ರೂ ಹದಿನಾರನೇ ದಿನ ಬೋನು ಗುಡ್ಡ ಹತ್ತುತ್ತೆ. ಆಮೇಲೆ ನನ್ನ ಬೈಬೇಡಿ.” ಬೈಯುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ. ಮೆಟ್ಟಿಲಿಳಿಯುವಾಗ ಕಟ್ಟಡದ ಹಿಂದೆ ಬೋನು ಕಂಡಿತು. ಹೊಸದಾಗಿ ಬಣ್ಣ ಬಳಿದಿದ್ದರು, ಒಂದು ಬೆಕ್ಕು ಅದರೊಳಗೆ ಕೂತು ಮುಖ ತೊಳೆಯುತ್ತಿತ್ತು. ಇವತ್ತು ಬೆಳಿಗ್ಗೆ ಕರಡಿಗೆ ಐವತ್ತನಾಲ್ಕಿತ್ತು. ಈಗ ಸೊನ್ನೆ. ಅದನ್ನು ಕಳೆದವರು ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಬಸ್ಸು ನಿಲ್ದಾಣದಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದರು. ಗ್ರಂಥಾಲಯದಲ್ಲಿ ಅವಳ ದನಿ ಯಾವಾಗಲೂ ಪಿಸುಮಾತು.

“ನಿನ್ನ ಫಾರ್ಮು ಓದ್ದೆ.”

“ಹೂಂ.”

“ಸಭೇಲಿ ಎಲ್ಲಾ ಹೇಳಿಬಿಟ್ಟೆ. ಕರಡಿ ಕಥೆ ಕೆಟ್ಟಿತು.”

“ನನ್ನ ಫಾರ್ಮೂ ಹೇಳಿದ್ರಾ?”

“ಇಲ್ಲ ಇಲ್ಲ. ಅದು ಜೇಬಲ್ಲಿದೆ.” ಮೇಷ್ಟ್ರು ತಡವರಿಸಿದರು. “ನಾನು ಅದಕ್ಕೆ ಏನಾದ್ರೂ... ಬರೆದು ಕೊಡ್ಲಾ?”

ಆ ಕಡೆ ಯಾರೋ ಪುಸ್ತಕದ ಮೇಲೆ ಮುದ್ರೆ ಒತ್ತಿದ ಸದ್ದು ಕೇಳಿಸಿತು. “ಬರೆಯೋದು ಬೇಡ. ಸಂಜೆ ಬೇಗ ಬಂದು ಬಾಯಿಂದ ಹೇಳಿ. ತೋಚಿದ್ದು ಹೇಳಿ. ನಾನು ಹೊರಗೆ ಹೋಗಿ ಕೂರಲ್ಲ, ಎದುರಿಗೇ ಇರ್ತೀನಿ.” ಫೋನು ಇಟ್ಟಳು.

ಕ್ವಾರಿ ಸಾಲಿಗೆ ಬಂದಾಗ ಎರಡು ಗಂಟೆಯ ಬಿಸಿಲು. ಜೊತೆಗೆ ಬಂದಿದ್ದ ಟೈಲರಮ್ಮ, “ನನ್ನನ್ನ ಕೊನೆಗೆ ಕೇಳಿ, ನಂಗೆ ಹೊಲಿಯೋದಿದೆ, ಮೊದಲು ಆ ಕೊನೇ ಮನೆಗೆ ಹೋಗಿ” ಎಂದು ತನ್ನ ಮನೆಗೆ ಹೋಗಿಬಿಟ್ಟಳು. ಕೊನೆಯ ಮನೆಯ ಹಿಂದೆಯೇ ಗುಡ್ಡ ಏಳುತ್ತಿತ್ತು. ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಮೇಷ್ಟ್ರ ಕೈಯಲ್ಲಿ ಅಚ್ಚಾದ ಫಾರ್ಮಿರಲಿಲ್ಲ, ಒಂದು ನೋಟ್‌ಬುಕ್ಕು ಮಾತ್ರ. ಅವರು ಗಂಟಲು ಸರಿಮಾಡಿಕೊಂಡು, ವಿದ್ಯಾರ್ಥಿಯಾಗಿದ್ದಾಗಿನ ನಾಚಿಕೆಯಲ್ಲಿ, ಬೇಕಾದದ್ದಕ್ಕಿಂತ ಗಟ್ಟಿಯಾಗಿ ಕೇಳಿದರು:

“ತಾಯೀ, ಈ ಗುಡ್ಡದಲ್ಲಿ ಒಂದು ಕರಡಿ ಇದೆ. ಕರಡಿ. ಅದು ಇಲ್ಲೇ ಇರೋದು ನಿಮಗೆ ಒಪ್ಪಿಗೇನಾ?”

ಹೆಂಗಸು ತಿರುಗಿ ನೋಡಿದಳು. ಕೈಯ ನೊರೆ ಕೊಡವಿ, ಮನೆಯ ಕಡೆ ಮುಖ ಮಾಡಿ ಕೂಗಿದಳು. “ರೀ! ಯಾರೋ ಮೇಷ್ಟ್ರು ಬಂದಿದಾರೆ, ಕರಡಿ ವಿಷಯ ಕೇಳ್ತಿದಾರೆ. ಬಂದು ಹೇಳಿ.”

ಒಳಗಿನಿಂದ ಉತ್ತರ ಬರಲಿಲ್ಲ. ಗೊರಕೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಮೇಷ್ಟ್ರು ಅದನ್ನು ಸರಿಯಾಗಿ ಗುರುತಿಸಿದರು.

“ಅವರನ್ನ ಎಬ್ಬಿಸೋದು ಬೇಡ. ನೀವು ಹೇಳಿ.”

“ನಾನಾ?” ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮೇಷ್ಟ್ರನ್ನು ನೋಡಿದಳು, ನೋಟ್‌ಬುಕ್ಕನ್ನು ನೋಡಿದಳು. ಆಮೇಲೆ ಒಗೆಯುವ ಕಲ್ಲಿನ ಮೇಲೇ ಸರಿದು ಕೂತು ಅವರಿಗೂ ಜಾಗ ಮಾಡಿಕೊಟ್ಟಳು. “ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಬೆಳಗಿನ ಜಾವ ಈ ತೊಟ್ಟಿಗೇ ನೀರಿಗೆ ಬರ್ತಾಳೆ. ಅವಳು ಬಂದ್ರೆ ನಾನು ಅಲ್ಲೇ ನಿಂತ್ಕೋತೀನಿ, ಬಿಂದಿಗೆ ಇಟ್ಕೊಂಡು. ಅವಳು ಕುಡಿದು ನನ್ನ ಒಂದು ಸಲ ನೋಡಿ ಹೋಗ್ತಾಳೆ. ಆಮೇಲೆ ನಾನು ತುಂಬಿಸ್ಕೋತೀನಿ. ನಾನು ಅವಳ ಸರದಿ ತಪ್ಪಿಸಲ್ಲ, ಅವಳು ನಂದು ತಪ್ಪಿಸಲ್ಲ. ಇರ್ಲಿ ಬಿಡಿ, ಪಾಪ, ಎಲ್ಲಿಗೆ ಹೋಗ್ತಾಳೆ ಮಕ್ಕಳನ್ನ ಕಟ್ಕೊಂಡು?”

ಮೇಷ್ಟ್ರ ಪೆನ್ನು ನಿಂತಿತು. “ಮಕ್ಕಳಾ?”

“ಎರಡಿದಾವಲ್ಲ. ಇಷ್ಟಿಷ್ಟು.” ಅವಳು ಒದ್ದೆ ಬಟ್ಟೆಯ ಗುಡ್ಡೆಯ ಎತ್ತರ ತೋರಿಸಿದಳು.

ಮರಿಯಿರುವ ತಾಯಿಗೆ ಬೋನು ಇಡುವಂತಿಲ್ಲ. ಇಲಾಖೆಯ ನಿಯಮ ಅದು. ಜನ ಒಪ್ಪಲಿ ಬಿಡಲಿ, ಮರಿ ದೊಡ್ಡದಾಗುವ ತನಕ ಯಾರ ಸಹಿಯೂ ನಡೆಯುವುದಿಲ್ಲ. ಮೇಷ್ಟ್ರು ಅದನ್ನು ಪ್ರತಿ ವರ್ಷ ಪಾಠ ಮಾಡುತ್ತಾರೆ. ಗುಡ್ಡದ ಮರಗಳಿಗೆ ಕಟ್ಟಿದ್ದ ಕ್ಯಾಮೆರಾದಲ್ಲಿ ಮೂರು ವರ್ಷಕ್ಕೆ ಸಿಕ್ಕಿದ್ದು ಮಸುಕಾದ ನಾಲ್ಕು ಚಿತ್ರ, ನಾಲ್ಕೂ ಹಿಂಬದಿಯದು. ‘ಪ್ರೌಢ ಗಂಡು’ ಎಂದು ಅದರ ಕೆಳಗೆ ಬರೆದಿದ್ದವರು ಅವರೇ. ಆದರೂ ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡಲಿಲ್ಲ, ಪುರಾವೆ ಕೇಳಿದರು.

“ನೀವು ಸರಿಯಾಗಿ ನೋಡಿದೀರಾ ತಾಯಿ? ಕತ್ತಲೆ ಇರುತ್ತೆ. ಗಂಡೇ ಇರಬಹುದಲ್ಲ? ನಾವೆಲ್ಲ ಅದನ್ನ ಯಜಮಾನ ಅಂತಲೇ...”

“ಅಯ್ಯೋ ಬಿಡಿ ಸಾರ್,” ಎಂದಳು ಅವಳು, ಗೊರಕೆ ಬರುತ್ತಿದ್ದ ಬಾಗಿಲ ಕಡೆ ಒಂದು ಸಲ ನೋಡಿ. “ಯಾವ ಯಜಮಾನ ಎರಡೆರಡು ಮಕ್ಕಳನ್ನ ಬೆನ್ನ ಮೇಲೆ ಹಾಕ್ಕೊಂಡು ನೀರಿಗೆ ಬರ್ತಾನೆ?”